ಮೇದಿನಿ ಏರಿಸಿದ ಮೊದಲ ಅಂಕಿ

ತೇಲೂರು, ಫೆಬ್ರವರಿ 30, 2388

ತಂತ್ರಾಂಶ ಬರೆಯುವ ಪೂರ್ವಿಕರಿಗೆ ಕನಕಾಂಗಿಯ ನಮಸ್ಕಾರಗಳು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಮೇಲಿನ ದಿನಾಂಕ ಇವತ್ತು ಬೆಳಗಿನ ತಿಂಡಿಯವರೆಗೆ ನಿಜವಾಗಿತ್ತು. ಅದಕ್ಕೆ ನನ್ನ ಸೋದರಮಾವ ಧರಣಪ್ಪನವರು ಕ್ಷಮೆ ಕೇಳಬೇಕು, ನಾನಲ್ಲ.

ನಾವು ಕೂಡುಗಂಟು ಎನ್ನುವುದನ್ನು ನೀವು ಲೈಬ್ರರಿ ಎನ್ನುತ್ತಿದ್ದಿರಂತೆ: ಒಬ್ಬರು ಬರೆದಿಟ್ಟದ್ದು, ಊರಿನ ಯಂತ್ರಗಳೆಲ್ಲ ಹಂಚಿಕೊಂಡು ಬಳಸುವಂಥದ್ದು. ಪ್ರತಿ ಗಂಟಿಗೂ ಮೂರು ಅಂಕಿಯ ಆವೃತ್ತಿ ಸಂಖ್ಯೆ. ಸಣ್ಣ ತಿದ್ದುಪಡಿಗೆ ಕೊನೆಯದು, ಹೊಸ ಸೌಲಭ್ಯಕ್ಕೆ ನಡುವಿನದು, ಹಳೆಯದಕ್ಕೆ ಹೊಂದದಂತೆ ಬದಲಾದರೆ ಮೊದಲನೆಯದು ಏರಬೇಕು. ಮೊದಲನೆಯದು ಏರದಿದ್ದರೆ ಯಂತ್ರಗಳು ಕೇಳದೆಯೇ ಹೊಸದನ್ನು ನುಂಗುತ್ತವೆ. ಏರಿಸಿದವರು ಮನೆಮನೆಗೂ ಹೋಗಿ, ಒಪ್ಪಿಸಿ, ಬೈಸಿಕೊಂಡು ಬರಬೇಕೆಂಬುದು ಇಲ್ಲಿನ ಪದ್ಧತಿ. ಹಾಗಾಗಿ ತಲೆಮಾರುಗಳಿಂದ ಯಾರೂ ಏರಿಸಿಲ್ಲ. ನಮ್ಮ ಅನ್ನದ ಪಾತ್ರೆಯ ಗಂಟಿನ ಕೊನೆಯ ಅಂಕಿ ಎಷ್ಟು ಉದ್ದವೆಂದರೆ, ಓದಿ ಮುಗಿಸುವಷ್ಟರಲ್ಲಿ ಅನ್ನ ಬೆಂದಿರುತ್ತದೆ.

ಕ್ಯಾಲೆಂಡರಿನ ಗಂಟು ಮಾವನ ಸುಪರ್ದಿಯಲ್ಲಿದೆ. ಫೆಬ್ರವರಿಯೊಂದೇ ಗಿಡ್ಡ ಎಂದು ಅವರಿಗೆ ಕನಿಕರ. ಈ ಅಧಿಕ ವರ್ಷದಲ್ಲಿ ಅದಕ್ಕೆ ಇಪ್ಪತ್ತೊಂಬತ್ತರ ಬದಲು ಮೂವತ್ತು ದಿನ ಕೊಟ್ಟು, ಸಣ್ಣ ತಿದ್ದುಪಡಿಯೆಂದು ಕೊನೆಯ ಅಂಕಿ ಏರಿಸಿ ಸುಮ್ಮನಾದರು. ನಮ್ಮೂರು ನುಂಗಿತು. ಆಚೆ ದ್ವೀಪದವರು ಯಾವ ತಿದ್ದುಪಡಿಯನ್ನೂ ಒಂದು ತಿಂಗಳು ಒಣಹಾಕಿ ಬಳಸುವ ಜನ. ಎರಡೂ ಕಡೆ ಮೊದಲ ಅಂಕಿ ನಾಲ್ಕೇ ಇದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಮಾರ್ಚ್ ಒಂದಕ್ಕೆ ನನ್ನ ತಂಗಿ ಮೇದಿನಿಗೂ ಆ ದ್ವೀಪದ ಹುಡುಗನಿಗೂ ಮದುವೆ. ಇವತ್ತು ಬೆಳಿಗ್ಗೆ ದಿಬ್ಬಣ ವಾದ್ಯದೊಂದಿಗೆ ಬಂದಿಳಿದಾಗ ಛತ್ರಕ್ಕೆ ಬೀಗ, ಅಡುಗೆಯವರು ನಿದ್ದೆಯಲ್ಲಿ, ಮೇದಿನಿ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳು. ಹುಡುಗಿಗೆ ಮನಸ್ಸಿಲ್ಲವೆಂದು ತಿಳಿದ ಬೀಗಿತ್ತಿ ದೋಣಿ ತಿರುಗಿಸಲು ಹೇಳಿದರು. ನನಗೆ ಅಳು ಬಂತು. ಇನ್ನೊಂದು ಸಣ್ಣ ತಿದ್ದುಪಡಿ ಮಾಡಿ ಆ ದಿನವನ್ನು ಸದ್ದಿಲ್ಲದೆ ತೆಗೆದುಬಿಡುತ್ತೇನೆಂದು ಮಾವ ಪಿಸುಗುಟ್ಟಿದರು.

ಮೇದಿನಿ ಎಣ್ಣೆಗೈಯಲ್ಲೇ ಮಾವನ ಯಂತ್ರದ ಮುಂದೆ ಕೂತು, ಮೂವತ್ತನೇ ದಿನವನ್ನು ಅಳಿಸಿ, ಮೊದಲ ಅಂಕಿಯ ನಾಲ್ಕನ್ನು ಐದು ಮಾಡಿದಳು.

"ಸದ್ದಿಲ್ದೆ ಮಾಡಿದ್ದಕ್ಕೇ ಇಷ್ಟಾಗಿದ್ದು ಮಾವ. ಬೈಗುಳ ನಾನು ತಿಂತೀನಿ, ನಡೀರಿ."

ಮೊದಲು ದೋಣಿಗೇ ಹೋಗಿ ಬೀಗಿತ್ತಿಗೆ ನಡೆದದ್ದನ್ನು ಹೇಳಿದಳು. ಮದುಮಗ ಇಳಿದು ಅವಳ ಜೊತೆ ಹೊರಟ. ವಾದ್ಯದವರು ಅವನ ಹಿಂದೆ. ಬೈಯಲು ಬಾಗಿಲು ತೆರೆದವರು, ಎಣ್ಣೆ ಸೋರುವ ಮದುಮಗಳನ್ನು ಕಂಡು, ಐದಕ್ಕೆ ಒಪ್ಪಿ, ರೇಷ್ಮೆ ಸೀರೆ ಹುಡುಕಲು ಒಳಗೆ ಓಡಿದರು. ಅಡುಗೆಯವರಂತೂ ತಮಗೇ ತಡವಾಯಿತೆಂದು ನಮ್ಮಲ್ಲಿ ಕ್ಷಮೆ ಕೇಳಿದರು.

ಮುಹೂರ್ತ ಹತ್ತಿರವಾಯಿತು, ನನ್ನನ್ನು ಕರೆಯುತ್ತಿದ್ದಾರೆ. ನಿಮ್ಮಲ್ಲಿ ಒಂದೇ ಬೇಡಿಕೆ: ಮೊದಲ ಅಂಕಿಯನ್ನು ಏರಿಸಬೇಕಾದಾಗ ಏರಿಸಿ, ಏರಿಸಿದವರನ್ನು ಬೈಯಬೇಡಿ. ಬೈಯಲೇಬೇಕೆಂದಿದ್ದರೆ ಧರಣಪ್ಪ ಮಾವ ಇದ್ದಾರೆ. ಅವರು ಪಂತಿಯ ಕೊನೆಯಲ್ಲಿ ಸಿಗುತ್ತಾರೆ; ಇವತ್ತಿನ ಎಂಜಲೆಲೆಯೆಲ್ಲ ಅವರೇ ಎತ್ತಬೇಕೆಂದು ಬೀಗಿತ್ತಿಯ ಅಪ್ಪಣೆಯಾಗಿದೆ.