ಹೆರಾಯಿಸ್ ಹೆಸರಿನಲ್ಲಿ ತಿಂದ ತುತ್ತು

ಹಾಥೂರ್ ಮಾಸ, ಒಂಬತ್ತನೆಯ ದಿನ
ಕೆರೆಯಂಚಿನ ನಮ್ಮೂರಿನಿಂದ

ಅಲೆಕ್ಸಾಂಡ್ರಿಯದಲ್ಲಿರುವ ಪ್ರೀತಿಯ ತಂಗಿ ಹೆರಾಯಿಸ್‌ಗೆ, ಅಕ್ಕ ಸರಪಿಯಾಸ್‌ಳ ಅಕ್ಕರೆಯ ಆಶೀರ್ವಾದ.

ಹೇಳಲೇಬೇಕಾದ ಒಂದು ಮಾತನ್ನು ಹೇಳದೆಯೇ ಬಿಟ್ಟುಬಿಡುವವಳಿದ್ದೆ. ನಿನ್ನೆ ಬರೆದು ಮುಗಿಸಿದ್ದ ಪತ್ರದಲ್ಲಿ ನಾರುಬಟ್ಟೆ, ಒಣಮೀನು, ನಿನ್ನ ಮಗಳು ಎಲೆನೆ ಈಗ ಗೋಡೆ ಹಿಡಿಯದೆ ನಡೆಯುತ್ತಾಳೆಯೇ ಎಂಬ ವಿಚಾರಣೆ, ಎಲ್ಲವೂ ಇತ್ತು. ಆ ಮಾತು ಮಾತ್ರ ಇರಲಿಲ್ಲ. ಬೆಳಿಗ್ಗೆ ಅದನ್ನು ಓದಿಕೊಂಡಾಗ ನನ್ನ ಮೇಲೆ ನನಗೇ ನಾಚಿಕೆಯಾಯಿತು. ಜೊಂಡಿನ ಹಾಳೆಯ ಶಾಯಿ ತೊಳೆದು ಒಣಗಿಸಿ ಅದರ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಅಲ್ಲಲ್ಲಿ ಹಳೆಯ ಅಕ್ಷರ ಮಸುಕಾಗಿ ಕಂಡರೆ, ಅದು ಎಲೆನೆಯ ನಡಿಗೆಯ ಸಂಗತಿ.

ಪತ್ರದ ಮೊದಲಲ್ಲಿ ನಮ್ಮ ದೇವರ ಹೆಸರು ಬರೆದು ನಿನ್ನ ಆರೋಗ್ಯಕ್ಕಾಗಿ ಬೇಡಿಕೊಳ್ಳುವುದು ನನ್ನ ರೂಢಿ. ಈ ಸಲ ಬರೆದಿಲ್ಲ. ಬೇಡಿಕೊಳ್ಳುವುದನ್ನು ಬಿಟ್ಟಿಲ್ಲ. ಓದುವಾಗ ನಿನ್ನ ಹುಬ್ಬು ಗಂಟಾಗುವುದು ಬೇಡ ಎನ್ನಿಸಿತು, ಅಷ್ಟೇ.

ತನೂಫಿಸ್‌ಗೆ ಶಾಂತಿಪತ್ರ ಕೊಡುವುದಿಲ್ಲ ಎಂದು ನೀನು ಬರೆದದ್ದನ್ನು ನಿಮ್ಮ ಕ್ರೈಸ್ತ ಸಭೆಯ ಹಿರಿಯರು ನಿನ್ನ ಆ ಬಾಲ್ಯದ ಗೆಳತಿಗೆ ಓದಿ ಹೇಳಿದರು. ಎಲ್ಲರೂ ದೇವರಿಗೆ ಬಲಿ ಕೊಡಬೇಕೆಂದು ಚಕ್ರವರ್ತಿಯ ಆಜ್ಞೆ ಬಂದಾಗ ಅವಳು ದೇವಸ್ಥಾನದ ಮುಂದೆ ನಿಂತು ಬಲಿಯ ಮಾಂಸ ತಿಂದಳು, ಬಲಿ ಕೊಟ್ಟದ್ದಕ್ಕೆ ಚೀಟಿ ಪಡೆದಳು. ಜಗ್ಗದೆ ನಿಂತವರ ಕಷ್ಟಕ್ಕೆ ಹಾಗಾದರೆ ಏನು ಬೆಲೆ ಎಂದು ಕೇಳಿದ್ದೀಯೆ. ನಿಮ್ಮ ಪದ್ಧತಿ ನನಗೆ ಪೂರ್ತಿ ತಿಳಿಯದು. ಜಗ್ಗದೆ ನಿಂತ ಒಬ್ಬರು ಬರೆದುಕೊಟ್ಟರೆ ಬಿದ್ದವರನ್ನು ಮತ್ತೆ ಒಳಗೆ ಸೇರಿಸಿಕೊಳ್ಳುತ್ತಾರೆ, ಈ ಊರಿನಲ್ಲಿ ಹಾಗೆ ನಿಂತವಳು ನೀನೊಬ್ಬಳೇ, ಉಳಿದವರು ತಿಂದರು ಇಲ್ಲವೇ ಓಡಿಹೋದರು ಎಂಬುದಷ್ಟು ಗೊತ್ತು. ಅಧಿಕಾರಿಗಳು ನಿನ್ನ ಹೆಸರನ್ನು ಕಾಣದಂತೆ ದೇವರು ಅವರ ಕಣ್ಣು ಕಟ್ಟಿದ ಎಂದು ನೀನು ಅಲ್ಲಿನ ಸಭೆಯಲ್ಲಿ ಹೇಳುತ್ತೀಯಂತೆ. ಹೆಂಗಸರು ನಿನ್ನ ಕೈ ಹಿಡಿದು ಅಳುತ್ತಾರಂತೆ.

ಹೆರಾಯಿಸ್, ಅವರ ಕಣ್ಣಿಗೆ ನಿನ್ನ ಹೆಸರು ಕಂಡಿತು. ಅದನ್ನು ಕೂಗಿದರು. ಓಗೊಟ್ಟು ಹೋದವಳು ನಾನು.

ನೀನು ಹೆತ್ತು ಹನ್ನೊಂದು ದಿನವಾಗಿತ್ತು. ಎದೆಹಾಲು ಕಟ್ಟಿ ಮೈ ಕೆಂಡವಾಗಿತ್ತು. ನಿನ್ನ ಗಂಡ ದೋಣಿಯೊಡನೆ ಉತ್ತರಕ್ಕೆ ಹೋಗಿದ್ದರಿಂದ ನಿನ್ನನ್ನು ನಮ್ಮ ಮನೆಗೆ ತಂದಿಟ್ಟುಕೊಂಡಿದ್ದೆ. ನಮ್ಮ ಬೀದಿಯ ಸರದಿ ಹಿಂದಿನ ದಿನವೇ ಮುಗಿದಿತ್ತು. ನಾನು ನನ್ನ ದೇವರಿಗೆ ನನ್ನ ಹೆಸರಿನಲ್ಲಿ ದ್ರಾಕ್ಷಾರಸ ಸುರಿದು ಬಂದಿದ್ದೆ. ಅದರಲ್ಲಿ ನನಗೆ ಯಾವ ಅಳುಕೂ ಇರಲಿಲ್ಲ. ಮರುದಿನ ನಿಮ್ಮ ದೋಣಿಯವರ ಬೀದಿಯ ಸರದಿ. ಬಾರದವರನ್ನು ಸೈನಿಕರು ಎಳೆದುತರುತ್ತಾರೆ ಎಂದು ಡಂಗುರ ಹೊಡೆದಿದ್ದರು. ನೀನು ಜ್ವರದಲ್ಲೂ ಅಂದದ್ದು ಒಂದೇ ಮಾತು: "ನನ್ನನ್ನ ಹೊತ್ಕೊಂಡು ಹೋದ್ರೂ ನಾನು ಬಾಯಿ ತೆಗೆಯಲ್ಲ ಅಕ್ಕಾ." ನೀನು ತೆಗೆಯುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು, ಆದ್ದರಿಂದಲೇ ಹೋದೆ.

ನಿನ್ನ ನೀಲಿ ಮೇಲುಹೊದಿಕೆ ಹೊದ್ದು ಸಾಲಿನಲ್ಲಿ ನಿಂತೆ. ನಗರದಿಂದ ಬಂದ ಗುಮಾಸ್ತ ಪಟ್ಟಿ ಓದಿದ: ಹೆರಾಯಿಸ್, ವಯಸ್ಸು ಮೂವತ್ತೊಂದು. ಮುಂದೆ ಹೋದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೂವತ್ತೊಂದಾ? ಏನಮ್ಮಾ, ಎಣಿಸೋವಾಗ ಒಂದು ಹತ್ತು ವರ್ಷ ದಾರೀಲಿ ಬೀಳಿಸ್ಕೊಂಡು ಬಂದ್ಯಾ?" ಎಂದ. ಸಾಲು ಪೂರ್ತಿ ನಕ್ಕಿತು. ಪಕ್ಕದಲ್ಲಿ ಕುಳಿತಿದ್ದ ನಮ್ಮೂರ ಮುಖಂಡ, ನಮ್ಮಿಬ್ಬರನ್ನೂ ತೊಟ್ಟಿಲಿನಿಂದ ಬಲ್ಲವನು, ಹೊಗೆ ಕಣ್ಣಿಗೆ ಹೋದವನಂತೆ ಮುಖ ತಿರುಗಿಸಿಕೊಂಡ. ಗುಮಾಸ್ತನ ನಗು ನಿಂತಿತು. ನನ್ನ ಹಿಂದೆ ನಿಂತವಳನ್ನು ಕರೆದು, ಇವಳು ನಿಜಕ್ಕೂ ಹೆರಾಯಿಸೇನಾ ಎಂದು ಕೇಳಿದ.

ಹಿಂದೆ ನಿಂತಿದ್ದವಳು ತನೂಫಿಸ್.

ಅವಳು ಬಲಿ ಕೊಡುವುದಿಲ್ಲ ಎಂದು ಹೇಳಲೆಂದೇ ಬಂದಿದ್ದಳು. ಮನೆಯ ಬೀಗದ ಕೈಯನ್ನು ನೆರೆಯವಳಿಗೆ ಕೊಟ್ಟು, ಕೋಳಿಗಳನ್ನು ಯಾರು ನೋಡಿಕೊಳ್ಳಬೇಕೆಂದು ಹೇಳಿ ಬಂದಿದ್ದಳಂತೆ. ನನಗೆ ಆಮೇಲೆ ತಿಳಿಯಿತು. ಅವಳು ನನ್ನ ಮುಖ ನೋಡಿದಳು. ನಾನು ಏನು ಮಾಡುತ್ತಿದ್ದೇನೆ ಎಂಬುದು ಅವಳಿಗೆ ಆ ಕ್ಷಣ ಅರ್ಥವಾಯಿತು. "ಹಡೆದು ಎದ್ದವಳ ಮುಖ ಮತ್ಹೇಗಿರುತ್ತೆ ಸ್ವಾಮಿ? ನಿಮ್ಮ ಹೆಂಡ್ತೀನ ಕೇಳಿ, ಹೇಳ್ತಾಳೆ. ಇವಳು ಹೆರಾಯಿಸೇ, ನನ್ನ ಜೊತೆ ಬೆಳೆದವಳು," ಎಂದಳು. ಮತ್ತೆ ನಗು. ನಾನು ಸುರಿದೆ, ತಿಂದೆ. ಹಂದಿಮಾಂಸ ಅರೆಬೆಂದಿತ್ತು. ಚೀಟಿ ಬರೆದುಕೊಟ್ಟರು.

ಆಮೇಲೆ ಅವಳ ಹೆಸರು ಕೂಗಿದರು. ಅವಳು ಇಲ್ಲ ಎಂದಿದ್ದರೆ ಆ ಕ್ಷಣವೇ ಕಟ್ಟಿ ಕೂರಿಸಿ, "ನಿನ್ನ ಜೊತೆಯವರು ಯಾರು ಯಾರು?" ಎಂದು ಅವಳನ್ನು ಕೇಳುತ್ತಿದ್ದರು. ಅವಳು ಸಾಕ್ಷಿ ಹೇಳಿದ ಹೆರಾಯಿಸ್‌ಳನ್ನು ಮತ್ತೆ ಕರೆಸುತ್ತಿದ್ದರು. ನಾನು ಇನ್ನೂ ಮೆಟ್ಟಿಲ ಮೇಲೆಯೇ ಇದ್ದೆ. ಅವಳು ಒಮ್ಮೆ ನನ್ನ ಕಡೆ ನೋಡಿ ಕೈ ಚಾಚಿ ಆ ತುಂಡನ್ನು ಬಾಯಿಗೆ ಹಾಕಿಕೊಂಡಳು. ಅಗಿಯಲಿಲ್ಲ. ಹಾಗೆಯೇ ನುಂಗಿದಳು.

ಮನೆಗೆ ಬಂದು ಮೂರು ಸಲ ಸವಳುಮಣ್ಣು ಹಾಕಿ ಕೈ ತಿಕ್ಕಿದೆ. ನಿನಗೆ ಬಾರ್ಲಿ ಗಂಜಿ ಕುಡಿಸುವ ಕೈ ಅದು. ನಿನ್ನ ಹೆಸರಿನಲ್ಲಿ ನಾನು ತಿಂದದ್ದರ ವಾಸನೆಯೂ ನಿನಗೆ ತಾಗಬಾರದು ಎನ್ನಿಸಿತು. ನಿನ್ನ ದೇವರನ್ನು ನಂಬದವಳಿಗೆ ಏಕೆ ಹಾಗೆನ್ನಿಸಬೇಕು, ಈಗಲೂ ತಿಳಿಯದು. ಮೂರನೆಯ ದಿನ ನಿನ್ನ ಜ್ವರ ಇಳಿಯಿತು. ಯಾರೂ ಹುಡುಕಿ ಬರಲಿಲ್ಲ ಎಂದು ಕೇಳಿ ನೀನು ನಕ್ಕೆ, ಮಗುವನ್ನು ಎದೆಗೆ ಹಾಕಿಕೊಂಡೆ, ಹಾಲು ಇಳಿಯಿತು. ಆ ಹೊತ್ತಿನಲ್ಲಿ ನಾನು ಏನು ಹೇಳಬೇಕಿತ್ತು? ಇವತ್ತು ಬೇಡ, ಬಲ ಬರಲಿ ಎಂದುಕೊಂಡೆ. ಆಮೇಲೆ, ಗಂಡ ಬರಲಿ ಎಂದುಕೊಂಡೆ. ನೀನು ಊರು ಬಿಟ್ಟ ದಿನ ಚೀಟಿಯನ್ನು ಒಲೆಗೆ ಹಾಕಿ, ಇನ್ನು ಹೇಳುವ ಅಗತ್ಯವೇ ಇಲ್ಲ ಎಂದುಕೊಂಡೆ. ನಿನ್ನ ಒಳಿತಿಗೆ ಸುಮ್ಮನಿದ್ದೆನೋ, ನೀನು ಎಲೆನೆಯನ್ನು ನನ್ನ ತೊಡೆಯ ಮೇಲೆ ಕೂರಿಸುವುದಿಲ್ಲ ಎಂಬ ಹೆದರಿಕೆಗೋ? ಎರಡನೆಯದೇ ಹೆಚ್ಚು.

ತನೂಫಿಸ್ ಸುಮ್ಮನಿದ್ದದ್ದು ಬೇರೆ ಥರ. ನಿಮ್ಮವರು ಸೇರುವ ಮನೆ ನಮ್ಮ ಎದುರಿಗೇ ಇದೆಯಲ್ಲ. ಒಂದು ವರ್ಷದಿಂದ ಅವಳು ಅಂಗಳದ ಬಾಗಿಲ ಹೊರಗೆ ಬೀಸುಗಲ್ಲಿನ ಪಕ್ಕ ನಿಲ್ಲುತ್ತಾಳೆ. ಒಳಗೆ ರೊಟ್ಟಿ ಮುರಿಯುವ ಹೊತ್ತಿಗೆ ತಲೆ ಮುಚ್ಚಿಕೊಂಡು ಮನೆಗೆ ಹೋಗುತ್ತಾಳೆ. ಕಾಲುವೆಗಳಲ್ಲಿ ಹೂಳು ತುಂಬಿ, ತೆರಿಗೆಗೆ ಹೆದರಿ ಅರ್ಧ ಊರು ಖಾಲಿಯಾಗಿದೆ. ಆಜ್ಞೆ ಹೊರಡಿಸಿದ ಚಕ್ರವರ್ತಿ ಎಲ್ಲೋ ಗಡಿಯ ಜೌಗಿನಲ್ಲಿ ಸತ್ತು ಹೆಣವೂ ಸಿಗಲಿಲ್ಲವಂತೆ. ಓಡಿಹೋದವರು ಮರಳಿ ಬಂದು ಆ ಅಂಗಳ ಮಾತ್ರ ತುಂಬುತ್ತಲೇ ಇದೆ. ತಿಂದವರಲ್ಲಿ ಬಿಡದೆ ಬರುವವಳು ಅವಳೊಬ್ಬಳೇ, ಅವಳು ಹೊರಗೆ.

ಈ ಬೇಸಿಗೆಯ ಪಿಡುಗಿನಲ್ಲಿ ನಿನ್ನ ಭಾವ ಹೋದರೆಂದು ಬರೆದಿದ್ದೆ. ಹೇಗೆ ಹೋದರೆಂದು ಬರೆದಿರಲಿಲ್ಲ. ಅವರ ಸ್ವಂತ ತಮ್ಮಂದಿರು ಬೀದಿಯ ತುದಿಯಲ್ಲೇ ನಿಂತರು. ತನೂಫಿಸ್ ಒಳಗೆ ಬಂದು, "ಅಕ್ಕಾ, ನೀನು ತಲೆ ಹಿಡ್ಕೋ, ನಾನು ಕಾಲು ತೊಳೀತೀನಿ," ಎಂದಳು. ಅವರ ಮೈಯನ್ನು ನಾವಿಬ್ಬರೇ ತೊಳೆದೆವು. ಸಭೆಯೊಳಗೆ ಬಿಡದವರ ಧರ್ಮ ಹಿಡಿದು ಇದೆಲ್ಲ ಯಾಕೆ ಮಾಡುತ್ತೀಯೆ ಎಂದು ಅವಳನ್ನು ಕೇಳಿದೆ. "ನನ್ನನ್ನ ಹೊರಗಿಟ್ಟಿರೋದು ಮನೆಯವರು ಅಕ್ಕಾ, ಯಜಮಾನ ಅಲ್ಲ," ಎಂದಳು.

ನಿನ್ನ ನಿರಾಕರಣೆ ಬಂದ ಸಂಜೆ ಅವಳ ಮನೆಗೆ ಹೋದೆ. ಬೇಳೆ ಆರಿಸುತ್ತಿದ್ದಳು. ಅವತ್ತು ನೀನು ತಿಂದದ್ದು ಹೆರಾಯಿಸ್‌ಗಾಗಿ ಎಂದು ಬರೆಯುತ್ತೇನೆ ಎಂದೆ. ಬರೆಯಬೇಡ ಎಂದಳು. "ಹೆದರಿಕೆಯೂ ಇತ್ತು ಅಕ್ಕಾ. ಅವಳಿಗೋಸ್ಕರ ಎಷ್ಟು, ಹೆದರಿ ಎಷ್ಟು ಅಂತ ನಾನೇ ತೂಗಿ ನೋಡಿದೀನಿ, ಗೊತ್ತಾಗಲಿಲ್ಲ. ಎಲ್ಲ ಅವಳಿಗೋಸ್ಕರ ಅಂದ್ರೆ ಸುಳ್ಳಾಗುತ್ತೆ. ಅವಳ ನೆಮ್ಮದೀನ ಯಾಕೆ ಕೆಡಿಸ್ತೀಯಾ?" ಆಮೇಲೆ ನಕ್ಕು, "ಚಿಕ್ಕಂದಿನಿಂದ ಅವಳು ಹಂಗೇ. ಕಣ್ಣಾಮುಚ್ಚಾಲೆಯಲ್ಲಿ ನಾವೇ ಅವಳಿಗೆ ಬಿಟ್ಟುಕೊಟ್ರೂ, ನಾನೇ ಗೆದ್ದೆ ಅಂತ ಊರೆಲ್ಲ ಕೂಗ್ತಿದ್ಲು," ಎಂದಳು. ಆ ನಗುವಿನಲ್ಲಿ ಕಹಿ ಹುಡುಕಿದೆ. ಇರಲಿಲ್ಲ.

ಅವಳ ಮಾತು ಮೀರಿ ಬರೆದಿದ್ದೇನೆ. ನೀನು ಬಿದ್ದೆ ಎಂದು ನಾನು ಹೇಳುತ್ತಿಲ್ಲ, ಹೆರಾಯಿಸ್. ನೀನು ಇಲ್ಲ ಎನ್ನುತ್ತಿದ್ದೆ. ಅದಕ್ಕೆ ನಾನೇ ಸಾಕ್ಷಿ. ಆದರೆ ಹೇಳುವ ಸರದಿ ನಿನಗೆ ಬರಲೇ ಇಲ್ಲ. ನಾವಿಬ್ಬರು ಅದನ್ನು ನಿನ್ನಿಂದ ತೆಗೆದುಕೊಂಡೆವು, ಒಬ್ಬಳು ನಂಬದೆ, ಒಬ್ಬಳು ನಂಬಿ. ಇದನ್ನು ಓದಿದ ಮೇಲೆ ನೀನು ಹಾಕುವ ಸಹಿಗೆ ನಿಮ್ಮವರಲ್ಲಿ ಬೆಲೆ ಇರುತ್ತದೆಯೋ ಇಲ್ಲವೋ ನನಗೆ ತಿಳಿಯದು. ಸಭೆಗೆ ಹೇಳುತ್ತೀಯೋ, ಇದನ್ನು ಸುಡುತ್ತೀಯೋ, ಅದು ನಿನಗೇ ಬಿಟ್ಟದ್ದು. ಕೋಪ ಬಂದರೆ ನನ್ನ ಮೇಲೆ ಬರಲಿ. ಅವಳ ಮೇಲೆ ಬೇಡ.

ಮೈ ಜೋಪಾನ. ಎಲೆನೆಗೆ ದೊಡ್ಡಮ್ಮನ ಮುತ್ತು.

ಇಂತಿ ನಿನ್ನ ಅಕ್ಕ,
ಸರಪಿಯಾಸ್

ಮತ್ತೊಂದು ಮಾತು: ಈ ಪತ್ರವನ್ನು ತರುವವಳು ತನೂಫಿಸ್. ಅವಳಿಗೆ ಓದಲು ಬಾರದೆಂಬುದು ನಿನಗೆ ಗೊತ್ತೇ ಇದೆ. ನಿನಗೆ ನಾರುಬಟ್ಟೆ ತಲುಪಿಸಬೇಕೆಂದು ನಾನೇ ಕೇಳಿಕೊಂಡೆ, ಪತ್ರದಲ್ಲಿ ಬಟ್ಟೆಯ ವಿಷಯ ಇದೆ ಎಂದಿದ್ದೇನೆ. ಪತ್ರ ಕೊಟ್ಟು, ಬಟ್ಟೆಯ ಗಂಟು ಇಳಿಸಿ, ಅವಳು ಅಭ್ಯಾಸದಂತೆ ಬಾಗಿಲ ಹೊರಗೇ ನಿಲ್ಲುತ್ತಾಳೆ. ನೀನು ಈ ಸಾಲು ಓದುತ್ತಿರುವಾಗಲೂ ಅಲ್ಲೇ ನಿಂತಿರುತ್ತಾಳೆ. ಸಹಿಯ ವಿಚಾರ ಆಮೇಲೆ ನೋಡಿಕೊಳ್ಳೋಣ, ಮೊದಲು ಎದ್ದು ಹೋಗಿ ಅವಳನ್ನು ಒಳಗೆ ಕರೆ. ಅವಳ ದೋಣಿ ಹೊರಡುವ ಬೆಳಿಗ್ಗೆ ಇದಕ್ಕೆ ಮುದ್ರೆ ಹಾಕಿ ಅವಳ ಕೈಗೆ ಕೊಡುತ್ತೇನೆ: ಹಾಥೂರ್ ಹನ್ನೆರಡು.