ಅಪ್ಪನ ನಲವತ್ತನೆಯ ದಿನದ ಬ್ಯಾನರ್

ಅಲೆಕ್ಸಾಂಡ್ರಿಯಾ, ಭಾನುವಾರ

ಶೌಕಿ ಅಣ್ಣನಿಗೆ,

ಬೀದಿಯ ತುದಿಯಲ್ಲಿ ಕಟ್ಟಿಸಿರುವ ಬ್ಯಾನರನ್ನು ಇವತ್ತೇ ಬಿಚ್ಚಿಸು. ಅಪ್ಪ ತೀರಿಕೊಂಡ ನಲವತ್ತನೆಯ ದಿನದ ಪ್ರಾರ್ಥನೆಗೆ ಬಂದವರೆಲ್ಲ ಅದರ ಕೆಳಗೇ ಹಾದು ಬಂದರು. ನೋಡಿ ನನಗೆ ಹೇಸಿಗೆಯಾಯಿತು.

ಫೋನಿನಲ್ಲಿ ತೆಗೆದ ಅಪ್ಪನ ಆ ಚಿತ್ರ ಬೇಡವೆಂದು, ನಾನು ಕೆಲಸ ಮಾಡುವ ಪ್ರೆಸ್ಸಿಗೆ ನೀನು ಬಂದಾಗಲೇ ಹೇಳಿದ್ದೆ. ನೀನು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಕಣ್ಣು ಕಾಣಲ್ವೇನೇ ನಿಂಗೆ? ಎಷ್ಟು ಚೆನ್ನಾಗಿದೆ ನೋಡು!" ಎಂದು ರೇಗಿ, ಬೇರೆ ಕಡೆ ಮುದ್ರಣ ಮಾಡಿಸಿಕೊಂಡೆ. ಫೋನಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಆ ಚಿತ್ರದಲ್ಲಿರುವ ಚುಕ್ಕೆಗಳು ಅಂಗೈಯಗಲಕ್ಕೆ ಮಾತ್ರ ಸಾಕು. ಬಾಗಿಲಗಲಕ್ಕೆ ಎಳೆದರೆ ಚುಕ್ಕೆಗಳು ಹೆಚ್ಚುವುದಿಲ್ಲ, ಒಂದೊಂದೂ ಚೌಕವಾಗಿ ಊದಿಕೊಳ್ಳುತ್ತದೆ. ಅಪ್ಪನ ಮುಖ ಈಗ ಬರೀ ಚೌಕಗಳ ರಾಶಿ.

ಇದು ನಿನಗೆ ತಿಳಿಯದ್ದೇನಲ್ಲ. ಪಕ್ಕದಲ್ಲಿ ಹಾಕಿಸಿಕೊಂಡ ನಿನ್ನ ಮುಖಕ್ಕೆ ಸ್ಟುಡಿಯೊಗೆ ಹೋಗಿ ದೊಡ್ಡ ಚಿತ್ರವನ್ನೇ ತೆಗೆಸಿದ್ದೀಯ. ಮೀಸೆಯ ಒಂದೊಂದು ಕೂದಲೂ ಕಾಣುತ್ತದೆ. ಕೆಳಗೆ ಮೀನುಗಾರರ ಸಂಘದ ಚುನಾವಣೆಯ ನಿನ್ನ ಗುರುತು ಬೇರೆ.

ಅಮ್ಮ ತುಂಬ ಹೊತ್ತು ನೋಡಿ, "ಶೌಕಿ ಪಕ್ಕ ಇರೋದು ಯಾರೇ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಬಹಿಯ್ಯಾ, "ಯಾರೋ ಓಟಿಗೆ ನಿಂತೋನಿರಬೇಕು, ನಡಿ ಅಕ್ಕಾ" ಎಂದು ಕೈಹಿಡಿದು ಒಳಗೆ ಕರೆದೊಯ್ದಳು.

ಅಪ್ಪ ದೋಣಿಯ ಮುಂದೆ ನಿಂತಿರುವ ಹಳೆಯ ಫೋಟೊ ನಿನ್ನ ಮನೆಯಲ್ಲಿದೆ. ಅದನ್ನೇ ಕೊಟ್ಟು ಕಳಿಸು, ಫೋನಿನಲ್ಲಿ ಬೇಡ. ಸ್ಕ್ಯಾನ್ ಮಾಡಿ, ಅದು ತಾಳುವಷ್ಟೇ ಅಳತೆಯಲ್ಲಿ ಅಮ್ಮನ ಕೋಣೆಗೆ ಮುದ್ರಿಸುತ್ತೇನೆ. ಅದರಲ್ಲಿ ಅಪ್ಪನ ತೋಳಿನ ಮೇಲೆ ಕೂತಿರುವ ಮಗು ನೀನೇ. ಹೆದರಬೇಡ, ನಿನ್ನನ್ನು ಕತ್ತರಿಸುವುದಿಲ್ಲ.

ನಿನ್ನ ತಂಗಿ,
ನಗ್ವಾ