ಎತ್ತದ ಕೈ

ಕಾತ್ರಜ, ಪುಣೆ
೮ ಫೆಬ್ರವರಿ ೨೦೨೬, ಭಾನುವಾರ

ಸ್ವರ್ಣಲತಾ ಅಕ್ಕನವರಿಗೆ ಶಿವಕಾಂತಾಳ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ ಎಂದು ಬರೆಯಬೇಕು, ಬರೆಯುವುದಿಲ್ಲ. ನೀವು ಕ್ಷೇಮವೇ ಎಂದು ಕೇಳಬೇಕು, ಅದನ್ನೂ ಕೇಳುವುದಿಲ್ಲ. ಫೋನ್ ಮಾಡಿದರೆ ನೀವು ಎತ್ತುತ್ತಿಲ್ಲ. ಹೋಟೆಲಿಗೆ ಬಂದರೆ ಗಲ್ಲಾದಲ್ಲಿ ಕೂತ ನಿಮ್ಮ ಯಜಮಾನರು ನೋಡಿಯೂ ನೋಡದವರಂತೆ ಪೇಪರ್ ಬಿಡಿಸುತ್ತಾರೆ. ಆದರೆ ನೀವು ಆಡಿದ ಮಾತು ಮಾತ್ರ ನಮ್ಮ ಕೂಲಿಯವರ ಶೆಡ್ಡುಗಳವರೆಗೆ ತಪ್ಪದೆ ಬಂದು ತಲುಪಿದೆ. "ನನ್ನ ಉಪ್ಪು ತಿಂದವಳು, ಕಡೆಗೆ ಊರವನ ಕಡೆಗೇ ಹೋದಳು" ಎಂದಿರಂತೆ. ಇದಕ್ಕೆ ಉತ್ತರ ಕೊಡದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಓದಿ ಹರಿದು ಹಾಕಿ, ಆದರೆ ಓದಿ.

ನೀವು ಊರವನೆಂದ ಶಿವಪ್ರಕಾಶ ನಮ್ಮ ಸುರಪುರದ ಕಡೆಯವನು, ನಿಜ. ಊರಿಂದ ಜನರನ್ನು ತಂದು ಇಲ್ಲಿ ಕಟ್ಟಡದ ಕೆಲಸಕ್ಕೆ ಹಚ್ಚುವ ಮುಕಾದಮ. ನನ್ನ ಗಂಡ ಲಾಲಪ್ಪ ಅವನ ಕೆಲಸದಲ್ಲೇ ಸ್ಲ್ಯಾಬಿನಿಂದ ಬಿದ್ದು ಸತ್ತಾಗ ಮಣ್ಣಿಗೂ ಬರಲಿಲ್ಲ. ಅಂಥವನನ್ನು ಶಾಲೆಯ ಪಾಲಕರ ಸಮಿತಿಗೆ ಅಧ್ಯಕ್ಷ ಮಾಡಲು ನನಗೇನು ತಲೆ ಕೆಟ್ಟಿತ್ತೇ?

ಅವನ ಎದುರು ನಿಲ್ಲಿರೆಂದು ನಿಮಗೆ ದುಂಬಾಲು ಬಿದ್ದವಳೇ ನಾನು. ನಿಮ್ಮ ಅಕ್ಷಯ, ನನ್ನ ಭವ್ಯಶ್ರೀ ಇಬ್ಬರೂ ಆ ಕನ್ನಡ ಶಾಲೆಯಲ್ಲಿ ಒಂದೇ ತರಗತಿ. ಶಾಲೆ ಬಿಟ್ಟ ಮೇಲೆ ಅಕ್ಷಯ ಹೋಟೆಲಿಗೆ ಬಂದು ದೋಸೆ ತಿನ್ನುತ್ತಾನೆ. ನಮ್ಮ ಮಕ್ಕಳು ಬೀಗ ಹಾಕಿದ ಗೇಟಿನ ಹೊರಗೆ, ಸಾತಾರಾ ರಸ್ತೆಯ ಲಾರಿಗಳ ಬದಿಗೆ ಕೂತಿರುತ್ತಾರೆ. ತಾಯಂದಿರು ಕೆಲಸದಿಂದ ಬರುವುದು ಕತ್ತಲಾದ ಮೇಲೆ. ಶಾಲೆಯ ಹಳೆಯ ಚಿತ್ರಕಲೆಯ ಕೋಣೆಯನ್ನು ಸಂಜೆ ತೆರೆದಿಡಬೇಕು, ತಾಯಂದಿರು ಸರದಿಯಂತೆ ಮಕ್ಕಳನ್ನು ನೋಡಿಕೊಳ್ಳಬೇಕು, ನಿಮ್ಮ ಹೋಟೆಲಿನಿಂದ ಒಂದಿಷ್ಟು ಉಪ್ಪಿಟ್ಟು ಬರಬೇಕು ಎಂದು ನಿಮ್ಮ ಹೋಟೆಲಿನ ಹಿಂದಿನ ಕಟ್ಟೆಯ ಮೇಲೆ ಕೂತು ಇಬ್ಬರೂ ಮಾತಾಡಿಕೊಂಡಿದ್ದೆವು. ಅಧ್ಯಕ್ಷರು ಮನಸ್ಸು ಮಾಡಿದರೆ ಆಗುವ ಕೆಲಸ. ಶಿವಪ್ರಕಾಶ ಆಗಲೇ ಹೇಳಿದ್ದ, ಗೇಟಿನ ಹೊರಗಿನ ಮಕ್ಕಳು ಸಮಿತಿಯ ಮಕ್ಕಳಲ್ಲವೆಂದು. ಭವ್ಯಶ್ರೀ ಆ ಕೋಣೆಯಲ್ಲಿ ಕಿಟಕಿಯ ಪಕ್ಕದ ಜಾಗ ತನಗೇ ಬೇಕೆಂದು ಗೆಳತಿಯರ ಜೊತೆ ಜಗಳವನ್ನೂ ಆಡಿ ಬಂದಿದ್ದಳು.

ನಿಮಗಾಗಿ ನಾನು ಶೆಡ್ಡು ಶೆಡ್ಡು ಸುತ್ತಿದೆ. ಟೈಲ್ಸ್ ಸಂದಿಗೆ ಸಿಮೆಂಟ್ ತುಂಬಿ ಬೆರಳು ಒಡೆದ ಕೈಯಲ್ಲೇ ನಿಮ್ಮ ಭಾಷಣ ಬರೆದುಕೊಟ್ಟೆ. ನಿಮ್ಮ ಕುಂದಾಪುರದ ಕನ್ನಡ ನಮ್ಮ ಹೆಣ್ಣುಮಕ್ಕಳಿಗೆ ದೂರದ್ದು, ಅವರ ಮಾತಿನಲ್ಲೇ ಇರಲಿ ಎಂದು.

ಆಮೇಲೆ ನಿಮಗೆ ಯಾರೋ ಹೇಳಿದರು, ಪುಣೆಯಲ್ಲಿ ಹೆಂಗಸರ ಓಟು ಬೇಕಾದರೆ ಸಂಕ್ರಾಂತಿಗೆ ಹಳದಿ-ಕುಂಕು ಮಾಡಬೇಕು ಎಂದು. ಮನೆಗೆ ಕರೆಯುವುದು, ಹಣೆಗೆ ಅರಿಶಿನ ಕುಂಕುಮ ಹಚ್ಚುವುದು, ಎಳ್ಳುಂಡೆಯ ಜೊತೆ ಕೈಗೊಂದು ಸ್ಟೀಲ್ ಡಬ್ಬಿ ಕೊಡುವುದು. ಶಾಲೆಯ ತಾಯಂದಿರನ್ನೆಲ್ಲ ಕರೆದುಕೊಂಡು ಬಾ ಎಂದಿರಿ, ಕರೆದುಕೊಂಡು ಬಂದೆ. ಬಾಗಿಲಲ್ಲಿ ನೀವು ನನ್ನ ಕಿವಿಯ ಹತ್ತಿರ ಬಂದು, "ನೀವು ಒಳಗೆ ಅಡುಗೆಮನೆಯಲ್ಲಿರಿ ಮಾರಾಯ್ತಿ, ಅತ್ತೆ ಇದ್ದಾರೆ, ಬೇಜಾರು ಮಾಡ್ಕೊಳ್ಬೇಡಿ" ಎಂದಿರಿ. ನನ್ನಂತೆಯೇ ಗಂಡನಿಲ್ಲದ ಮಾನಮ್ಮ ಅದನ್ನು ಕೇಳಿ ಮೆಟ್ಟಿಲಿನಿಂದಲೇ ವಾಪಸ್ ಹೋದಳು. ನಾನು ಹೋಗಲಿಲ್ಲ. ಒಳಗೆ ಕೂತು ಡಬ್ಬಿಗಳಿಗೆ ಎಳ್ಳುಂಡೆ ತುಂಬಿದೆ. ಪರದೆಯಾಚೆ ನೀವು ಓದುತ್ತಿದ್ದಿರಿ: "ನಾವೆಲ್ಲಾ ಒಂದ ಮನಿಯವರು. ಈ ಸಾಲಿ ಮಕ್ಕಳೆಲ್ಲಾ ನನ್ನ ಮಕ್ಕಳು." ಚಪ್ಪಾಳೆ ಬಿತ್ತು. ನನ್ನದೇ ಮಾತು, ಚೆನ್ನಾಗಿಯೇ ಇತ್ತು.

ಕುಂಕುಮ ಹಚ್ಚಲಿಲ್ಲವೆಂದು ನಾನು ಮುನಿಸಿಕೊಂಡೆ ಎಂದು ತಿಳಿಯಬೇಡಿ. ನಮ್ಮೂರಿನಲ್ಲೂ ಹಚ್ಚುವುದಿಲ್ಲ. ಅದೆಲ್ಲ ರೂಢಿಯಾಗಿ ಹೋಗಿದೆ. ಹಾಗೆ ಮುನಿದಿದ್ದರೆ ಮರುದಿನ ಮತ್ತೆ ನಿಮ್ಮ ಪರವಾಗಿ ಯಾಕೆ ತಿರುಗುತ್ತಿದ್ದೆ?

ಚುನಾವಣೆಯ ದಿನದ್ದು ಬೇರೆ ಕಥೆ. ಸಭೆ ನಡೆಸಲು ಬಂದ ಸಾಹೇಬರದು ಮರಾಠಿ, ನಮ್ಮವರಿಗೆ ಅರ್ಧಂಬರ್ಧ ತಿಳಿಯುತ್ತದೆ. ಅದಕ್ಕೇ ಮೊದಲೇ ಎಲ್ಲರಿಗೂ ಹೇಳಿದ್ದೆ, "ನನ್ನ ಕೈ ನೋಡ್ರಿ, ನಾ ಎತ್ತಿದಾಗ ಎತ್ರಿ" ಎಂದು. ಸಾಹೇಬರು ನಿಮ್ಮ ಹೆಸರು ಹೇಳಿ "ಹಾತ ವರ ಕರಾ", ಕೈ ಎತ್ತಿರಿ, ಎಂದರು. ನೀವು ಮುಂದಿನ ಕುರ್ಚಿಯಿಂದ ತಿರುಗಿದಿರಿ. ನನ್ನನ್ನು ಹುಡುಕಿ, ಗದ್ದ ಮೇಲೆತ್ತಿ ಸನ್ನೆ ಮಾಡಿದಿರಿ. ಆ ಸನ್ನೆ ನನಗೆ ಗೊತ್ತು ಅಕ್ಕ. ಗಿರಾಕಿ ಎದ್ದು ಹೋದ ಮೇಲೆ ಟೇಬಲ್ ಒರೆಸಲು ನಿಮ್ಮ ಹೋಟೆಲಿನವರಿಗೆ ಮಾಡುವ ಸನ್ನೆ. ನನ್ನ ಕೈ ತೊಡೆಯ ಮೇಲೆಯೇ ಉಳಿಯಿತು. ನಮ್ಮವರು ನನ್ನನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅವರ ಕೈಗಳೂ ಮೇಲೇಳಲಿಲ್ಲ. ಶಿವಪ್ರಕಾಶನಿಗೂ ನಾನು ಕೈ ಎತ್ತಲಿಲ್ಲ. ಅವನ ಕೆಲಸದ ಗಂಡಸರು ಎತ್ತಿದರು, ಅಷ್ಟು ಸಾಕಾಯಿತು.

ಅವನು ಗೆದ್ದ. ಕೋಣೆಯಲ್ಲಿ ಈಗ ಮುರಿದ ಬೆಂಚು ತುಂಬಿಸಿ ಬೀಗ ಹಾಕಿದ್ದಾರೆ. ಸೋತೆ ಎಂದು ನೀವು ಅಳುತ್ತಿದ್ದೀರಂತೆ. ನಿಮಗೆ ಹೋದದ್ದು ಒಂದು ಕುರ್ಚಿ. ಸಂಜೆಯಾದರೆ ಅಕ್ಷಯನಿಗೆ ಹೋಟೆಲ್ ಇದ್ದೇ ಇದೆ. ನಮಗೆ ಏನು ಹೋಯಿತು ಎಂದು ತಿಳಿಯಬೇಕಾದರೆ ಒಂದು ಸಂಜೆ ಆ ಗೇಟಿನ ಹತ್ತಿರ ಬಂದು ನೋಡಿ. ನಾನು ಊರವನ ಕಡೆಗೆ ಹೋಗಲಿಲ್ಲ, ಯಾರ ಕಡೆಗೂ ಹೋಗಲಿಲ್ಲ. ನಿಮ್ಮ ಮೇಲೆ ನಾನಿಟ್ಟಿದ್ದ ಜೀವ ಎಷ್ಟೆಂದು ನಿಮಗೆ ಗೊತ್ತಿದ್ದಿದ್ದರೆ ಆ ಮಾತು ನಿಮ್ಮ ಬಾಯಿಂದ ಬರುತ್ತಿರಲಿಲ್ಲ.

ನಿಮ್ಮ ಅಡುಗೆಮನೆಯವರೆಗೆ ಬಂದಿದ್ದ,
ಶಿವಕಾಂತಾ

ತಾ.ಕ.: ಈ ಕಾಗದವನ್ನು ಮಡಚುವಾಗ ಭವ್ಯಶ್ರೀ ಯಾರಿಗೆಂದು ಕೇಳಿದಳು, ಹೇಳಿದೆ. ಚುನಾವಣೆಯ ದಿನದಿಂದ ಅವಳು ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಈಗ ಆಡಿದಳು: "ನಿನ್ನ ಹಣಿಗೆ ಹಚ್ಚಲಿಲ್ಲಂತ ನಮ್ಮ ಸಾಲಿ ಖೋಲಿ ಕಳದಿಯಲ್ಲವ್ವಾ." ಕುಂಕುಮದ ಮಾತನ್ನು ನಾನು ಅವಳ ಮುಂದೆ ಒಂದು ದಿನವೂ ಎತ್ತಿರಲಿಲ್ಲ. ಮಡಚಿದ್ದನ್ನು ಮತ್ತೆ ಬಿಡಿಸಿ ಇದಿಷ್ಟನ್ನೂ ನಿಮಗೇ ಬರೆಯುತ್ತಿದ್ದೇನೆ.